ಐದನೆಯ ಕಾಲಂ

ಏನನ್ನಾದರೂ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಆದಂತೆ ಎಂದು ನಂಬುವವರ ಪೈಕಿ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಇದು ವೃತ್ತಿಯಿಂದ ಬಂದ ಕಾಯಿಲೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಜಯನಗರದ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ, ದೇವರ ಕ್ಯಾಲೆಂಡರಿನ ಪಕ್ಕ ಸಮತೋಲ ಆಹಾರದ ಚಾರ್ಟೊಂದನ್ನು ಅಂಟಿಸಿದೆ. ಅನ್ನ, ರಾಗಿ ಶಕ್ತಿಗೆ. ಬೇಳೆ, ಹಾಲು ಬೆಳವಣಿಗೆಗೆ. ಸೊಪ್ಪು, ಹಣ್ಣು ಕಾಯಿಲೆ ಬಾರದಂತೆ ಕಾಯಲಿಕ್ಕೆ. ಯಾರಿಗೆ ಯಾವುದು ಎಷ್ಟು ಎಂದು ಹೆಸರಿನ ಕೆಳಗೆ ಕಾಲಂ ಎಳೆದು ಎರಡು ಬಣ್ಣದ ಇಂಕಿನಲ್ಲಿ ಬರೆದಿದ್ದೆ.

"ನಿಮ್ಮಪ್ಪ ಗೋಡೆ ಓದ್ಕೊಂಡು ಊಟ ಮಾಡ್ಲಿಲ್ಲ ಕಣೋ" ಎಂದಳು ಅಮ್ಮ. ಆದರೆ ತನ್ನ ಕಾಲಮ್ಮಿನಲ್ಲಿ ರಾತ್ರಿ ಒಂದು ಲೋಟ ಹಾಲು ಇರುವುದು ತಿಳಿದ ಮೇಲೆ ವಿಜ್ಞಾನದ ತಂಟೆಗೆ ಬರಲಿಲ್ಲ.

ಊಟದ ಹೊತ್ತಿನಲ್ಲೂ ನನ್ನ ಪಾಠ ನಡೆಯುತ್ತಿತ್ತು. ಹುಳಿಯಲ್ಲಿ ಬೇಳೆ ತಳಕ್ಕೆ ಇಳಿದಿರುತ್ತದೆ, ಪೌಷ್ಟಿಕಾಂಶವೆಲ್ಲ ಅಲ್ಲೇ, ಆದ್ದರಿಂದ ಸೌಟನ್ನು ತಳ ಮುಟ್ಟಿಸಿ ಬಡಿಸಬೇಕು ಎಂದು ಹೆಂಡತಿ ಶಾರದೆಗೆ ವಿವರಿಸಿದೆ. ಅವಳು ಅಂದಿನಿಂದ ಹಾಗೆಯೇ ಬಡಿಸಿದಳು. ಅಷ್ಟು ವಿಧೇಯ ವಿದ್ಯಾರ್ಥಿ ನನ್ನ ಕ್ಲಾಸಿನಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಫೋರ್ತ್ ಬ್ಲಾಕಿನಿಂದ ತರಕಾರಿ ತರುವಾಗ ಶಾರದೆಗೆ ತಲೆಸುತ್ತು ಬಂದು ಯಾರದೋ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳಂತೆ. ಹೂ ಮಾರುವಾಕೆ ಕೈಹಿಡಿದು ಮನೆಗೆ ಕರೆತಂದಳು. "ಏನಿಲ್ಲ, ಬಿಸಿಲು" ಎಂದಳು ಶಾರದೆ. ಲೇಡಿ ಡಾಕ್ಟರು ಹಾಗೆನ್ನಲಿಲ್ಲ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ರಕ್ತ ತುಂಬಾ ಕಮ್ಮಿ ಇದೆ. ಊಟಕ್ಕೆ ಏನಮ್ಮ ತಿಂತೀರಿ?" ಎಂದು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು, "ನಮ್ಮನೇಲಿ ಎಲ್ಲಾ ಚಾರ್ಟ್ ಪ್ರಕಾರ ಮೇಡಂ" ಎಂದೆ.

"ಹೌದಾ? ನಾಳೆ ಇವರನ್ನ ಕರ್ಕೊಂಡು ಬರುವಾಗ ಅದನ್ನೂ ತನ್ನಿ."

ಹರಿಯದಂತೆ ಬಿಡಿಸಿ, ಸುತ್ತಿ, ಮರುದಿನ ಒಯ್ದೆ. ತಮ್ಮ ಕ್ಲಿನಿಕ್ಕಿಗೂ ಒಂದು ಬರೆದುಕೊಡಿ ಎಂದಾರೆಂಬ ಆಸೆ ನನಗೆ ಇತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಡಾಕ್ಟರು ಬೆರಳಿಟ್ಟು ಓದಿದರು. "ಇದು ನೀವು. ಇದು ನಿಮ್ಮ ತಾಯಿ. ಇವೆರಡು ಮಕ್ಕಳು. ಇವರದ್ದೆಲ್ಲಿ ಮೇಷ್ಟ್ರೇ?"

ನಾನು ಹಾಳೆಯ ಹಿಂಭಾಗವನ್ನೂ ತಿರುಗಿಸಿ ನೋಡಿದೆ.

"ನಂದು ಬರೆಯೋ ಹಾಗಿಲ್ಲ ಮೇಡಂ" ಎಂದಳು ಶಾರದೆ. "ಎಲ್ರದ್ದೂ ಆದ್ಮೇಲೆ ಏನು ಉಳಿಯುತ್ತೋ ಅದು."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೊದಲಾದರೆ ಪಾತ್ರೆಯ ತಳದಲ್ಲಿ ಅವಳ ಪಾಲಿಗೆ ನಾಲ್ಕು ಕಾಳು ಬೇಳೆಯಾದರೂ ಉಳಿಯುತ್ತಿತ್ತು. ನನ್ನ ಪಾಠದ ನಂತರ ಅದನ್ನೂ ಸೌಟು ತುಂಬಾ ಎತ್ತಿ ನಮಗೇ ಬಡಿಸಿ, ಕರಿಬೇವು ತೇಲುವ ತಿಳಿನೀರಿನಲ್ಲಿ ಅನ್ನ ಕಲಸಿಕೊಳ್ಳುತ್ತಿದ್ದಳು. ತುಂಬಾ ನಾಚಿಕೆಯಾಯಿತು.

ಅಂದು ಸಂಜೆ ಐದನೆಯ ಕಾಲಂ ಎಳೆದು ಚಾರ್ಟನ್ನು ಮತ್ತೆ ಅಂಟಿಸಿದೆ. ಇನ್ನು ಶಾರದೆಯೂ ನಮ್ಮ ಜೊತೆಯಲ್ಲೇ ಊಟಕ್ಕೆ ಕೂರಬೇಕು ಎಂದೆ. ಅಮ್ಮ ತನ್ನ ಮಣೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ನಾನೇ ಎಲ್ಲರಿಗೂ ಬಡಿಸಿದೆ, ಶಾರದೆಗೆ ತಳ ಮುಟ್ಟಿಸಿ. ಆಮೇಲೆ ಕುಳಿತು, ರಕ್ತಕ್ಕೆ ಸೊಪ್ಪು ಎಷ್ಟು ಮುಖ್ಯ ಎಂದು ವಿವರಿಸತೊಡಗಿದೆ. ವಿವರಿಸುತ್ತಲೇ ತಟ್ಟೆ ಮುಂದೆ ಸರಿಸಿ, "ಇನ್ನೊಂಚೂರು ಹುಳಿ ಹಾಕು" ಎಂದೆ.

ಶಾರದೆ ಎರಡನೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈ ನೆಲಕ್ಕೂರಿ ಏಳತೊಡಗಿದಳು.

"ನೀನು ಕೂತ್ಕೊಂಡು ತಿನ್ನೇ ಶಾರದಾ" ಎಂದಳು ಅಮ್ಮ. "ಅವನಿಗೆ ಎರಡೇ ಸೌಟು ಅಂತ ಬರೆದಿದೆ. ಎರಡೂ ಆಯ್ತು."

ತಿರುಗಿ ಗೋಡೆ ನೋಡಿದೆ. ಎರಡೇ ಸೌಟು ಎಂದಿತ್ತು, ಕೆಂಪು ಇಂಕಿನಲ್ಲಿ, ನನ್ನದೇ ಅಕ್ಷರ. ನಾನು ಮಜ್ಜಿಗೆ ಬಡಿಸಿಕೊಳ್ಳಲು ಎದ್ದೆ.