ಆರನೆಯ ದೀಪ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಬೀಜಾಡಿ ಕಡಲ ಬದಿಯ ಮಂಜಯ್ಯ ಶೆಟ್ಟರ ಲಾಡ್ಜಿನಲ್ಲಿ ನೆಟ್ ಸತ್ತಿತ್ತು. ಮೈ ತೊಳೆಸಿಕೊಂಡ ಬೈಕು, ಮಿಕ್ಸಿ, ನೀರಿನ ಪಂಪು ಎಲ್ಲವೂ ಮದುಮಗನ ಕಳೆಯಲ್ಲಿ ಓಡುತ್ತಿರುವಾಗ ಅದೊಂದೇ ಮುನಿಸಿಕೊಂಡಿತ್ತು.

ಸಾಯುವುದಕ್ಕೆ ಅದು ಯತೀಶನ ದಿನವನ್ನೇ ಆರಿಸಿಕೊಂಡದ್ದು ಹೆಚ್ಚಿನ ಅನ್ಯಾಯ. ಕೌಂಟರಿನಲ್ಲಿ ಕೂರುವ ಯತೀಶ ಅಂದು ನಾಲ್ಕು ಗಂಟೆಗೆ ಕೊಕ್ಕರ್ಣೆಗೆ ಹೆಣ್ಣು ನೋಡಲು ಹೋಗಬೇಕಿತ್ತು. ವಯಸ್ಸು ಮೂವತ್ತೈದು, ಹೆಣ್ಣು ಒಂಬತ್ತನೆಯದು. ಹುಡುಗಿ ಸ್ನೇಹಲತಾ ಇವನ ಫೋಟೊ ನೋಡಿ ಒಪ್ಪಿದ್ದಳು, ಜಾತಕವೂ ಒಪ್ಪಿತ್ತು. ಉಳಿದದ್ದು ಅವಳ ಸೋದರಮಾವ. "ಆ ಮನಿಯಂಗೆ ಮಾವ ಹೂಂ ಅಂದ್ರೆ ಆಯ್ತ್. ಉಹೂಂ ಅಂದ್ರೆ ದೇವ್ರ್ ಬಂದ್ರೂ ಇಲ್ಲೆ," ಎಂದು ಸಂಬಂಧ ತಂದ ಚೆನ್ನಯ್ಯ ಮೊದಲೇ ಹೇಳಿದ್ದ.

"ಹೋಯ್ಕಾರೆ ಹೋಗ್ ಮಾರಾಯ," ಎಂದರು ಶೆಟ್ಟರು. "ಆರೆ ನೆಟ್ ಸರಿ ಮಾಡಿಟ್ ಹೋಗ್. ರಜೆಗೆ ಬಪ್ಪೋರ ಬುಕ್ಕಿಂಗ್ ಎಲ್ಲ ಅದ್ರಗೇ ಇತ್ತ್."

"ಅದೆಂತ ದೊಡ್ಡ ವಿಷ್ಯ? ಅರ್ಧ ಗಂಟಿ," ಎಂದ ಯತೀಶ. ಉಡುಪಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದವನಿಗೆ ಸಂಶಯವೆಂಬ ಕಾಯಿಲೆ ಇರಲಿಲ್ಲ.

ಮೆಟ್ಟಿಲ ಕೆಳಗಿನ ಕಪಾಟು ತೆರೆದ. ಒಳಗೆ ಸ್ವಿಚ್ಚು, ಅಂದರೆ ಹದಿನಾರು ತೂತಿನ ಉದ್ದ ಡಬ್ಬಿ. ಒಂದೊಂದು ರೂಮಿನಿಂದ ಬಂದ ವಯರಿಗೆ ಒಂದೊಂದು ತೂತು, ತೂತಿನ ಮೇಲೊಂದು ನಂಬ್ರ, ನಂಬ್ರದ ಬದಿಗೊಂದು ಪುಟ್ಟ ದೀಪ. ಗೊಂಡೆ ಹೂವಿನ ಮಾಲೆ ಹೊತ್ತ ಡಬ್ಬಿಯ ದೀಪಗಳೆಲ್ಲ ಚೆಂಡೆಯ ಪೆಟ್ಟಿಗೆ ಮೈಮರೆತ ವೇಷದಂತೆ ಕುಣಿಯುತ್ತಿದ್ದವು.

ಗುಡಿಸುವ ಸರಸಕ್ಕ, ಅಡಿಗೆಯ ಗುರುವ ಬಂದು ನಿಂತರು. ನೋಡುವವರು ಸೇರಿದ ಮೇಲೆ ಭಾಷಣ ತಾನಾಗಿ ಬಂತು.

"ಇದ್ ಸಂಬಂಧ ಕೂಡ್ಸುವ ಡಬ್ಬಿ, ಕಾಣಿ. ಹಸ್ರ್ ದೀಪ ಉರ್ದ್ ನಿಂತ್ರೆ ಸಂಬಂಧ ಕೂಡಿತ್. ಮಿಟುಕಿರೆ ಮಾತ್ಕತೆ ನಡೀತಿತ್ತ್. ಆರಿರೆ ಆ ಬದಿಯಂಗೆ ಯಾರೂ ಇಲ್ಲೆ."

"ಎಲ್ಲ ಮಿಟುಕ್ತಿತ್ತಲೆ, ಹಂಗಾರೆ ಒಳ್ಳೇದೇ ಅಲ್ದಾ?" ಎಂದ ಗುರುವ.

"ಎಲ್ಲರೂ ಒಟ್ಟಿಗೆ ಮಾತಾಡಿರೆ ಯಾರಿಗ್ ಕೇಂತ್?"

"ಆ ಆರನೇದ್ ಯಾಕೆ ಕೆಂಪ್?"

ಯತೀಶ ಬಗ್ಗಿದ. ಹೌದು, ಹಸುರು ಸಾಲಿನ ನಡುವೆ ಒಂದೇ ಒಂದು ಕೆಂಪು. ತರಬೇತಿಯಲ್ಲಿ ಕೆಂಪಿನ ಪಾಠ ಬಂದಾಗ ಅವನು ಚಾ ಕುಡಿಯಲು ಹೊರಗೆ ಹೋಗಿದ್ದ. ಆದರೆ ಕೆಂಪು ಎಂದರೆ ಕೆಟ್ಟದ್ದು ಎನ್ನಲು ತರಬೇತಿ ಯಾಕೆ ಬೇಕು?

"ಸಿಕ್ದ ಕಳ್ಳ! ಆರನೇ ತೂತ್ ಅಂದ್ರೆ ಆರನೇ ರೂಮ್. ವಯರ್ ಹಾಕಿದ್ದ್ ನಾನೇ, ನಂಗ್ ಗೊತ್ತಿಲ್ಯಾ? ಅವ ಸಿನಿಮಾ ಇಳ್ಸಿ ಇಳ್ಸಿ ನೆಟ್ ಪೂರ ನುಂಗಿದ."

ಅಷ್ಟರಲ್ಲಿ ಆರನೆಯ ರೂಮಿನವರೇ ಹೆಗಲಿಗೆ ಸ್ನಾನದ ಬೈರಾಸು ಹಾಕಿಕೊಂಡು ಇಳಿದು ಬಂದರು. ನಿನ್ನೆ ಸಂಜೆ ಬಂದವರು. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. "ಹ್ವಾಯ್, ಬಿಸಿನೀರ್ ಬತ್ತಿಲ್ಲೆ."

"ಬಿಸಿನೀರ್ ಮತ್ತೆ. ಮೊದ್ಲ್ ಹೇಳಿ, ಎಷ್ಟ್ ಸಿನಿಮಾ ಇಳ್ಸಿರಿ?"

"ಸಿನಿಮಾ?"

"ಡಬ್ಬಿ ಸುಳ್ಳ್ ಹೇಳುದಿಲ್ಲೆ. ಕಾಣಿ, ನಿಮ್ ದೀಪ ಕೆಂಪ್! ಈ ಪ್ರಾಯದಂಗೆ ಅದೆಂತ ಸಿನಿಮಾ ಮಾರಾಯ್ರೆ, ನಂಗ್ ಕೇಂಬುಕೂ ನಾಚ್ಕಿ."

ಗುರುವ ಕಿಸಕ್ಕನೆ ನಕ್ಕ. ಅವರು ನಗಲಿಲ್ಲ. ಡಬ್ಬಿಯನ್ನೊಮ್ಮೆ, ಯತೀಶನನ್ನೊಮ್ಮೆ ನೋಡಿದರು. "ನಿಮ್ಗೆ ಇದೆಲ್ಲ ಸಮಾ ಗೊತ್ತಿತ್ತಾ?"

"ದೀಪ ಕಂಡ್ರೆ ಸಾಕ್, ಮನ್ಷ ಎಂತವ ಅಂತ ಹೇಳ್ತೆ," ಎಂದು ಯತೀಶ ಆರನೆಯ ವಯರನ್ನು ಎಲ್ಲರೆದುರು ಕಿತ್ತು ಬಿಸಾಡಿದ. ಅವರು ಮೇಲೆ ಹೋಗಿ, ತಣ್ಣೀರಲ್ಲೇ ಮಿಂದು, ಚೀಲ ಹಿಡಿದು ಹೊರಟುಹೋದರು.

"ಕಳ್ಳ ಓಡ್ದ," ಎಂದ ಯತೀಶ. ನೆಟ್ ಮಾತ್ರ ಬರಲಿಲ್ಲ.

ಡಬ್ಬಿಯನ್ನು ನಾಲ್ಕು ಸಲ ಆರಿಸಿ ಹೊತ್ತಿಸಿದ. ದೃಷ್ಟಿಯಾಗಿರಬೇಕೆಂದು ಗುರುವ ಲಿಂಬೆಹಣ್ಣು ತಂದ. ಎರಡು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ನೋಡುತ್ತಾನೆ, ವಯರು ಕಿತ್ತು ಐದು ತಾಸಾದರೂ ಆರನೆಯದರ ಕೆಂಪು ಹಾಗೇ ಇದೆ. ಮುಟ್ಟಿದ. ಬೆರಳು ಕೆಂಪಾಯಿತು.

ಕುಂಕುಮ.

"ಸರಸಕ್ಕಾ!"

"ಪೂಜಿಗೆ ಬೊಟ್ಟ್ ಇಡ್ದೆ ಇಪ್ಪುಕಾತ್ತಾ?" ಎಂದಳು ಸರಸಕ್ಕ, ಸ್ವಲ್ಪವೂ ಅಳುಕದೆ. "ವಯರೆಲ್ಲ ತೆಗ್ದ್, ಡಬ್ಬಿ ಒರ್ಸಿ, ಗಿಡ್ಡದ್ ಈ ಬದಿ, ಉದ್ದದ್ ಆ ಬದಿ ಅಂತ ಸಾಲಂಗೆ ಹಾಕಿದೆ. ನೀವ್ ಹಾಕಿದ್ದ್ ಕೋಳಿ ಕೆದ್ರಿದಂಗಿದ್ದಿತ್."

"ನಂಬ್ರ ಕಾಣ್ಲಿಲ್ಯಾ?"

"ಎಂತ ನಂಬ್ರ?"

ಯತೀಶ ಆರನೆಯ ವಯರಿನ ಬಾಲ ಹಿಡಿದು ನಡೆದ. ಅದು ಮೆಟ್ಟಿಲು ಹತ್ತಲೇ ಇಲ್ಲ. ನೆಟ್ಟಗೆ ಅವನದೇ ಕೌಂಟರಿಗೆ ಹೋಗಿ, ಅವನದೇ ಕಂಪ್ಯೂಟರಿನ ಬೆನ್ನಿಗೆ ಸೇರಿತು.

"ಮತ್ತೆ ಒಂದ್ ಮೊಳದ್ ವಯರ್ ಕಪಾಟಂಗೆ ಸುಮ್ನೆ ಬಿದ್ಕಂಡಿದ್ದಿತ್," ಎಂದು ಸರಸಕ್ಕ ಮುಂದುವರಿಸಿದಳು. "ಹಬ್ಬದ್ ದಿನ ಎರಡ್ ತೂತ್ ಖಾಲಿ ಯಾಕೆ ಅಂದೇಳಿ ಅದ್ರ ಎರಡೂ ತುದಿ ಈ ಡಬ್ಬಿಗೇ ಸಿಕ್ಸಿದೆ."

ಅದೇ ರೋಗ. ತನ್ನ ಬಾಲ ತಾನೇ ಕಚ್ಚಿಕೊಂಡ ನಾಯಿಯಂತೆ ಡಬ್ಬಿ ತನ್ನ ಮಾತನ್ನು ತನಗೇ ಹೇಳಿಕೊಳ್ಳುತ್ತ ಗಿರಗಿರನೆ ತಿರುಗುತ್ತಿತ್ತು. ಯತೀಶ ತನ್ನ ವಯರನ್ನು ಮರಳಿ ಸಿಕ್ಕಿಸಿ, ಮೊಳದ ವಯರನ್ನು ಎಳೆದ. ದೀಪಗಳು ಕುಣಿತ ಬಿಟ್ಟು, ಮರ್ಯಾದಸ್ಥರಂತೆ ಒಬ್ಬರಾದ ಮೇಲೊಬ್ಬರು ಮಿಟುಕಿದವು. ನೆಟ್ ಬಂತು.

"ಭೇಷ್ ಮಾಣಿ!" ಎಂದ ಶೆಟ್ಟರು ಸಂತೋಷದಲ್ಲಿ ತಮ್ಮ ಕಾರಿನ ಕೀಲಿಯನ್ನೇ ಕೊಟ್ಟರು.

ಸರಿಯಾಗಿ ನಾಲ್ಕಕ್ಕೆ ಯತೀಶ ಚೆನ್ನಯ್ಯನ ಜೊತೆ ಕೊಕ್ಕರ್ಣೆಯ ಚಾವಡಿಯಲ್ಲಿ ಕೂತಿದ್ದ. ಸ್ನೇಹಲತಾ ಚಾ ತಂದಳು, ಕಣ್ಣೆತ್ತಿ ನೋಡಿದಳು, ಸಣ್ಣಗೆ ನಕ್ಕಳು. ಹಸುರು, ಎಂದುಕೊಂಡ ಯತೀಶ. ಅಪ್ಪಟ ಹಸುರು.

"ಮಾವ ಬತ್ತಾ ಇದ್ರ್," ಎಂದು ಚೆನ್ನಯ್ಯ ಕಿವಿಯಲ್ಲಿ ಹೇಳಿದ. "ಬೊಂಬಾಯಿಂದ ನಿನ್ನೆಯೇ ಬಂದಿರ್. ಮಾಣಿ ಹ್ಯಾಂಗ್ ಅಂತ ಯಾರಿಗೂ ಹೇಳ್ದೆ ಕಂಡ್ಕಂಡ್ ಬತ್ತೆ ಅಂದೇಳಿ ಬೀಜಾಡಿಯಂಗೇ ಉಳ್ದಿರಂಬ್ರ್."

ಯತೀಶನ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು. ಒಳಗಿನಿಂದ ಬಂದ ಮಾವ ಅಜಿತ ಹೆಗ್ಡೆಯವರ ಹೆಗಲ ಮೇಲೆ ಅದೇ ಬೈರಾಸು. ಎದುರು ಕೂತು, ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ರಬ್ಬರ್ ಬ್ಯಾಂಡಿನ ಆಸರೆಯಲ್ಲಿ ಬದುಕಿದ್ದ ಹಳೆಯ ಬಟನ್ ಫೋನು.

"ಇದ್ರಗೆ ಸಿನಿಮಾ ಇಳ್ಸುದ್ ಹ್ಯಾಂಗ್, ಮಾಣಿ?"

"ಅದ್... ಅದ್ ಕುಂಕುಮ..." ಎಂದ ಯತೀಶ.

"ಕುಂಕುಮದ್ ಮಾತ್ ಈಗ ಬ್ಯಾಡ," ಎಂದು ಮಾವ ಎದ್ದರು. ಅವರ ಹಿಂದೆ ಸ್ನೇಹಲತಾಳೂ ಒಳಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿತು.

ಅಂಗಳದಲ್ಲಿ ಕಾರು ಹತ್ತುವಾಗ ಚೆನ್ನಯ್ಯನಿಗೆ ತಲೆಬುಡ ತಿಳಿದಿರಲಿಲ್ಲ. "ಎಂತ ಆಯ್ತ್ ಮಾರಾಯ? ಒಳ್ಗೆ ಹೋದವ್ರ್ ಇನ್ನೂ ಹೊರ್ಗೆ ಬಪ್ಪುದಿಲ್ಯಾ?"

"ಇಲ್ಲೆ," ಎಂದ ಯತೀಶ. ತರಬೇತಿಯ ಆರಿದ ದೀಪದ ಪಾಠ ಮಾತ್ರ ಅವನಿಗೆ ಚೆನ್ನಾಗಿ ನೆನಪಿತ್ತು. "ಆ ಬದಿಯಂಗೆ ಯಾರೂ ಇಲ್ಲೆ."