ಮಾವನವರಿಗೊಂದು ಕ್ರೆಮಾ ಕಾಫಿ

ಐವತ್ತು ದಾಟಿದ ಗಂಡಸಿಗೆ ಯಾವುದಾದರೊಂದು ಹುಚ್ಚು ಹಿಡಿಯದೆ ಬಿಡುವುದಿಲ್ಲ. ಕೆಲವರು ತಾರಸಿಯ ಮೇಲೆ ಡ್ರ್ಯಾಗನ್ ಹಣ್ಣು ಬೆಳೆಸಲು ಹೊರಡುತ್ತಾರೆ. ಕೆಲವರು ಇದ್ದಕ್ಕಿದ್ದಂತೆ ಹಾಡಲು ಶುರುಮಾಡಿ, ಅದನ್ನು ಮೊಬೈಲಿನಲ್ಲಿ ತುಂಬಿಸಿ ನೆಂಟರಿಷ್ಟರಿಗೆಲ್ಲ ಕಳುಹಿಸುತ್ತಾರೆ. ನನಗೆ ಹಿಡಿದದ್ದು ಕ್ರೆಮಾದ ಹುಚ್ಚು. ಕ್ರೆಮಾ ಎಂದರೆ, ಯಂತ್ರದಲ್ಲಿ ಒತ್ತಡ ಕೊಟ್ಟು ಇಳಿಸಿದ ಕಪ್ಪು ಕಾಫಿಯ ಮೇಲೆ ಕಟ್ಟುವ ಹೊಂಬಣ್ಣದ ಪದರ. ಈ ಹೆಸರನ್ನು ನೀವು ಇದುವರೆಗೆ ಕೇಳಿಲ್ಲವಾದರೆ ನಿಮ್ಮ ಮನೆಯಲ್ಲಿ ನೆಮ್ಮದಿ ಇದೆ ಎಂದರ್ಥ.

ನನ್ನ ಹುಚ್ಚಿಗೆ ಕಾರಣ ನನ್ನ ಮಾವನವರು. ಬೆಳ್ಳೂರಿನ ಅವರು ಕಾಫಿಯ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ನಮ್ಮ ಕಡೆ ಒಂದು ವಸ್ತು ಅತ್ಯುತ್ತಮವಾಗಿದ್ದರೆ ಹೇಳುವ ಮಾತು "ಅಡ್ಡಿಲ್ಲ". ಮದುವೆಯೂಟಕ್ಕೂ ಅದೇ, ಒಳ್ಳೆಯ ಡಾಕ್ಟರಿಗೂ ಅದೇ, ಮೊಮ್ಮಗಳ ಪರೀಕ್ಷೆಯ ಅಂಕಕ್ಕೂ ಅದೇ. ಅದಕ್ಕಿಂತ ಮೇಲೆ ಹೊಗಳುವ ಪದ್ಧತಿಯೇ ಇಲ್ಲ. ಮಾವನವರು ಆ ಒಂದು ಪದವನ್ನೂ ಬಹಳ ಹಿಡಿತದಿಂದ ಬಳಸುವವರು. ಅಳಿಯನಾಗಿ ಇಷ್ಟು ಕಾಲವಾದರೂ ನನ್ನ ಯಾವ ಕೆಲಸಕ್ಕೂ ಅವರ ಬಾಯಿಂದ ಅದು ಉದುರಿರಲಿಲ್ಲ. ಹೊಸ ಮನೆ ಕಟ್ಟಿ ಕರೆದುಕೊಂಡು ಬಂದು ತೋರಿಸಿದಾಗ, ತಲೆಯೆತ್ತಿ ಹಂಚಿನ ಮಾಡನ್ನು ದಿಟ್ಟಿಸಿ ನೋಡಿ, "ಒಂದು ಮಳೆಗಾಲ ಕಳೆಯಲಿ, ಮತ್ತೆ ನೋಡುವ" ಎಂದಿದ್ದರು. ಸುಳ್ಳೇಕೆ ಹೇಳಲಿ, ನನಗೆ ಬೇಸರವಾಗಿತ್ತು. ಒಮ್ಮೆಯಾದರೂ ಅವರಿಂದ ಅಡ್ಡಿಲ್ಲ ಅನ್ನಿಸಿಕೊಳ್ಳಬೇಕೆಂಬ ಆಸೆ ಅಂದಿನಿಂದ ಒಳಗೇ ಕುದಿಯುತ್ತಿತ್ತು.

ಹೀಗಿರುವಾಗ ಬೋವಿಕಾನದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ನನ್ನ ಗೆಳೆಯ ಹಮೀದ್, ಗಲ್ಫಿನಿಂದ ಬರುವಾಗ ತಂದಿದ್ದ ಕಾಫಿ ಮಿಷನ್ನೊಂದನ್ನು ನನ್ನ ಅಡುಗೆಮನೆಗೆ ಹೊತ್ತು ತಂದ. "ಮಾಷ್ಟ್ರೇ, ನಿಮ್ಮ ಮಾವ ಇದರ ಒಂದು ಗುಟುಕು ಕುಡಿಯಲಿ. ಮತ್ತೆ ಬೆಳ್ಳೂರಿಗೆ ವಾಪಸು ಹೋದರೆ ಕೇಳಿ" ಎಂದ. ಅದರಲ್ಲಿ ಇಳಿದ ಮೊದಲ ಕಾಫಿ ಬುಳಕ್ಕನೆ ಸುರಿಯಿತು. ಕ್ರೆಮಾದ ಸುಳಿವೇ ಇಲ್ಲ. ನನ್ನ ಹೆಂಡತಿ ಶೈಲಜಾ ಇಣುಕಿ ನೋಡಿ, "ಪಾತ್ರೆ ತೊಳೆದ ನೀರು ಎಂತಕ್ಕೆ ಕಪ್ಪಿನಲ್ಲಿ ಹಿಡಿದಿದ್ದೀರಿ?" ಎಂದು ಕೇಳಿದಳು.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸೋಲೊಪ್ಪುವುದುಂಟೇ? ಪುಡಿ ತರಿತರಿಯಾಗಿದ್ದರೆ ನೀರು ಸತ್ವ ಹೀರಿಕೊಳ್ಳದೆ ಓಡಿಬಿಡುತ್ತದೆ ಎಂದು ಲೆಕ್ಕ ಹಾಕಿ, ಪುಡಿಯನ್ನು ಮೈದಾದಷ್ಟು ನುಣ್ಣಗೆ ಮಾಡಿಸಿ ತಂದೆ. ಹಮೀದ್ ಹಳೆಯ ತಕ್ಕಡಿಯ ಅರ್ಧ ಕಿಲೋ ತೂಕದ ಕಲ್ಲನ್ನು ತಂದ. ಅದರಿಂದ ಪುಡಿಯನ್ನು ಒತ್ತಿ ಒತ್ತಿ ಕೂರಿಸಿದೆವು. ಮಿಷನ್ ನರಳಿತು, ಕೊನೆಗೆ ಹನಿ ಹನಿಯಾಗಿ ಏನನ್ನೋ ಬಿಟ್ಟುಕೊಟ್ಟಿತು. ಕುಡಿದರೆ ಕಿರಾತಕಡ್ಡಿಯ ಕಹಿ ಕಷಾಯ! "ಪ್ರೆಶರ್ ಸಾಲದು ಮಾಷ್ಟ್ರೇ, ವಾಲ್ವ್ ಟೈಟ್ ಮಾಡುವ" ಎಂದ ಹಮೀದ್. ಒತ್ತಡದ ಪಾಠವನ್ನು ಜೀವಮಾನವಿಡೀ ಮಾಡಿದ ನಾನು ಗಂಭೀರವಾಗಿ ತಲೆಯಾಡಿಸಿದೆ. ಸ್ವಿಚ್ಚು ಒತ್ತಿ ಸ್ವಲ್ಪ ಹೊತ್ತಿನಲ್ಲೇ ಪುಡಿ ತುಂಬಿದ ಹಿಡಿ ಕಳಚಿ ಬಿತ್ತು, ಕಾಫಿಯ ಗಸಿ ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ ಸಮನಾಗಿ ಹಂಚಿಹೋಯಿತು. ಶೈಲಜಾ ಬಾಗಿಲಲ್ಲೇ ನಿಂತು, "ಗೋಡೆಗೆ ಬಣ್ಣ ಹೊಡೆಸಿ ಅಂತ ನಾನು ಹೇಳಿದ್ದು ಹೌದು. ಈ ಬಣ್ಣ ಅಂತ ಹೇಳಿರಲಿಲ್ಲ" ಎಂದಳು. ಹಮೀದನಿಗೆ ಆ ಕ್ಷಣ ಅಂಗಡಿಯಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಗೋಡೆ ಒರೆಸುತ್ತಾ ಯೋಚಿಸಿದಾಗ ನನಗೆ ಜ್ಞಾನೋದಯವಾಯಿತು. ಒತ್ತಡ ಮಿತಿಮೀರಿದರೆ ನೀರು ಪುಡಿಯ ಒಂದು ಮೂಲೆಯಲ್ಲಿ ಓಣಿ ಮಾಡಿಕೊಂಡು ಅಲ್ಲಿಂದಲೇ ಜಾರಿಕೊಳ್ಳುತ್ತದೆ. ಉಳಿದ ಪುಡಿ ಒಣಗಿಯೇ ಇರುತ್ತದೆ. ನನ್ನ ತರಗತಿಯಲ್ಲೂ ಹೀಗೆಯೇ. ನಾನು ಎಷ್ಟು ಜೋರಾಗಿ ಕಲಿಸಿದರೂ ಎಲ್ಲವೂ ಮೊದಲ ಬೆಂಚಿನ ಒಬ್ಬಳ ತಲೆಯ ಮೂಲಕವೇ ಹಾದುಹೋಗುತ್ತದೆ. ಹಮೀದನನ್ನು ಮತ್ತೆ ಕರೆಸಿ ವಾಲ್ವ್ ಸಡಿಲಿಸಿದೆವು. ಚಿಕೋರಿಯ ಸೋಂಕಿಲ್ಲದ, ಆಗಷ್ಟೇ ಹುರಿದ ಬೀಜವನ್ನು ಮಡಿಕೇರಿಯಿಂದ ತರಿಸಿ, ಅತ್ತ ತರಿಯೂ ಅಲ್ಲದ ಇತ್ತ ನುಣ್ಣಗೂ ಅಲ್ಲದ ಹದಕ್ಕೆ ಕೈಯಲ್ಲೇ ಬೀಸಿದೆ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಜೇನಿನಂತೆ ಇಳಿಯಿತು, ಮೇಲೆ ಹೊನ್ನಿನ ಪದರ ಕಟ್ಟಿ ನಿಂತಿತು. ನನ್ನ ಕಣ್ಣು ತುಂಬಿ ಬಂತು. ಹಮೀದ್ ನನ್ನನ್ನು ಅಪ್ಪಿಕೊಂಡ.

ಶೈಲಜಾಳನ್ನು ಕೂಗಿ ಕರೆದೆ. "ನೊರೆ ಬಂದದ್ದಾ?" ಎಂದಳು. ನೊರೆ ಸಾಬೂನಿಗೆ, ಇದು ಬೇರೆ ಎಂದೆ. "ಮತ್ತೆ ಎಂತ ಇದು?" ಕನ್ನಡದಲ್ಲಿ ಪದ ಸಿಗದೆ, ಒಂದು ರೀತಿಯ ಕೆನೆ ಎಂದೆ. "ಹಾಲು ಹಾಕದ ಕಾಫಿಗೆ ಕೆನೆಯಾ?" ಎಂದು ನಕ್ಕವಳು, ತಕ್ಷಣ ಗಂಭೀರಳಾಗಿ, "ಅಪ್ಪನ ಹತ್ತಿರ ಮಾತ್ರ ಕೆನೆ ಅಂತ ಹೇಳಬೇಡಿ ಮತ್ತೆ. ಅವರಿಗೆ ಕೆನೆ ಕಂಡರೆ ಆಗುವುದಿಲ್ಲ" ಎಂದು ಎಚ್ಚರಿಸಿದಳು.

ಮರುವಾರ ಹತ್ತಿರದ ಎಡನೀರಿನ ಮಠಕ್ಕೆ ಬಂದಿದ್ದ ಮಾವನವರು ನಮ್ಮಲ್ಲಿಗೂ ಬಂದರು. ಕ್ರೆಮಾ ಕಟ್ಟಿದ ಕಪ್ಪನ್ನು ಅವರ ಮುಂದಿಟ್ಟೆ. ಪದರ ಒಡೆದಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ಮೇಲೆ ಎಂತದು ಇದು?" ಎಂದರು. ಹೆಮ್ಮೆ ಉಕ್ಕಿದಾಗ ಬುದ್ಧಿ ಎಲ್ಲಿರುತ್ತದೆ? "ಕೆನೆ, ಮಾವ!" ಎಂದುಬಿಟ್ಟೆ.

"ಶೈಲಾ, ಒಂದು ಚಮಚ ಕೊಡು" ಎಂದರು ಮಾವನವರು. ಬಿದ್ದ ಇರುವೆಯನ್ನು ತೆಗೆಯುವ ನಾಜೂಕಿನಿಂದ, ನನ್ನ ಅಷ್ಟೂ ಪರಿಶ್ರಮವನ್ನು ಸುತ್ತಲಿಂದ ಬಳಿದು ಸಾಸರಿಗೆ ಹಾಕಿದರು. ಉಳಿದದ್ದನ್ನು ಒಂದು ಗುಟುಕು ಕುಡಿದು ಮುಖ ಕಿವುಚಿ, ಕನಿಕರದಿಂದ ನನ್ನನ್ನೇ ನೋಡಿದರು. "ಹಾಲಿಗೂ ಗತಿಯಿಲ್ಲದಷ್ಟು ಕಷ್ಟ ಎಂತ ಬಂತು ನಿಮಗೆ? ಒಂದು ಮಾತು ಹೇಳಬಹುದಿತ್ತಲ್ಲ?"

ಶೈಲಜಾ ಒಳಗೆ ಓಡಿದಳು. ಬಿಸಿ ಹಾಲು, ಸಕ್ಕರೆ, ದೊಡ್ಡ ಲೋಟ ಬಂತು. ಮಾವನವರು ಎಲ್ಲವನ್ನೂ ಸೇರಿಸಿ, ಎತ್ತರದಿಂದ ಹೊಯ್ದು ತಣಿಸಿ, ನಿಧಾನವಾಗಿ ಕೊನೆಯ ಹನಿಯವರೆಗೂ ಕುಡಿದರು. ನಾನು ಪಕ್ಕದಲ್ಲೇ ಕಾದು ನಿಂತಿದ್ದೆ. ಅವರು ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಅಡ್ಡಿಲ್ಲ" ಎಂದರು.

ನಾನು ಗೆದ್ದವನಂತೆ ಶೈಲಜಾಳತ್ತ ನೋಡಿದೆ.

"ಹಾಲು ಅಡ್ಡಿಲ್ಲ" ಎಂದು ಮಾತು ಪೂರ್ತಿ ಮಾಡಿದರು ಮಾವನವರು. "ಹದವಾಗಿ ಕಾದಿದೆ. ಯಾರು ಕಾಯಿಸಿದ್ದು?"

ಶೈಲಜಾ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು, "ನಾನೇ, ಮಾವ" ಎಂದುಬಿಟ್ಟಿದ್ದೆ.