ಯಾರದೋ ಗಾಡಿಗೆ ಭೀಮಶಿಯ ಕೊಂಡಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಒಂದು ಗಾಡಿಯ ಬೆನ್ನ ಮೇಲೆ ಬರೆಸಿದ್ದ ಎರಡೇ ಎರಡು ಶಬ್ದ. ಮುರಗೋಡದ ಸಿದ್ದರಾಮ ಹಿಂದಿನ ದಿನ ಸಂಜೆ ಭೀಮಶಿಗೆ ಫೋನು ಮಾಡಿ ಹೇಳಿದ್ದ: "ಮುಂಜಾನಿ ಲಗೂನ ಬಂದು ಗಾಡಿ ನಿಮ್ಮ ಅಂಗಡಿ ಮುಂದ ನಿಂದರಿಸಿ ಹೋಗತೇನ್ರಿ. ಬಿಳೀ ಪಿಕಪ್ಪು, ಹಳೇದು. ಹಿಂದ ಯಲ್ಲಮ್ಮ ಪ್ರಸನ್ನ ಅಂತ ಬರದೈತಿ, ಗುರತ ಹಿಡೀರಿ." ಭೀಮಶಿ ಹೂಂ ಅಂದ. ಸವದತ್ತಿಯ ಸುತ್ತಮುತ್ತ ಓಡಾಡುವ ಹಳೆಯ ಬಿಳೀ ಪಿಕಪ್ಪುಗಳಲ್ಲಿ ಯಲ್ಲಮ್ಮ ಪ್ರಸನ್ನ ಅಂತ ಬರೆಸದ ಗಾಡಿಯನ್ನು ಹುಡುಕಬೇಕಾದರೇನೇ ಒಂದು ದಿನ ಹಿಡಿಯುತ್ತದೆ ಎಂಬುದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಬೈಲಹೊಂಗಲದ ಸವದತ್ತಿ ರಸ್ತೆಯಲ್ಲಿ ಭೀಮಶಿಯ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಜಂತಿ ಎಲ್ಲರೂ ಮಾಡುತ್ತಾರೆ. ಭೀಮಶಿ ಹೆಸರು ಮಾಡಿದ್ದು ಕೊಂಡಿಯಲ್ಲಿ. ಹಳೆಯ ಪಿಕಪ್ಪಿನ ಹಿಂದೆ ಒಂದು ಟ್ರೇಲರ್ ಎಳೆಯಬೇಕೆಂದರೆ, ಅದರ ಮೇಲೆ ಜನರೇಟರ್ ಇರಲಿ, ಶಾವಿಗೆ ಮಷಿನ್ ಇರಲಿ, ನಡುವೆ ಒಂದು ಗಟ್ಟಿ ಕೊಂಡಿ ಬೇಕಲ್ಲ. ಹೊಸ ಗಾಡಿಗಾದರೆ ಅದು ಪೇಟೆಯಲ್ಲೇ ಸಿಗುತ್ತದೆ. ಹದಿನೈದು ಮಳೆಗಾಲ ಕಂಡು, ಚಾಸಿಗೆ ಎರಡು ಸಲ ತೇಪೆ ಹಾಕಿಸಿಕೊಂಡು, ಒಂದು ಬದಿಗೆ ವಾಲಿಕೊಂಡು ನಡೆಯುವ ಗಾಡಿಗೆ ಯಾವ ಪೇಟೆಯ ಕೊಂಡಿ ಕೂತೀತು? ಅದನ್ನು ಆ ಗಾಡಿಯ ಮೈ ನೋಡಿ, ಅಳತೆ ಹಿಡಿದೇ ಮಾಡಬೇಕು, ದರ್ಜಿ ಜಂಪರು ಹೊಲಿದ ಹಾಗೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಅವನನ್ನು ಕೊಂಡಿ ಭೀಮಶಿ ಅಂತಲೇ ಕರೆಯುತ್ತಿದ್ದರು. ಕೆಲಸ ಅಪ್ಪಟ ಚಿನ್ನ, ಹೊತ್ತಿನ ಖಬರು ಮಾತ್ರ ಅವನಿಗೆ ಸುತಾರಾಂ ಇರಲಿಲ್ಲ.

ಆ ದಿನವಾದರೂ ಖಬರು ಇಟ್ಟುಕೊಳ್ಳಲೇಬೇಕಿತ್ತು. ರಾಮದುರ್ಗದಲ್ಲಿ ತಂಗಿ ಸಾವಿತ್ರೆವ್ವನ ಮಗ ಅಪ್ಪುವಿನ ಜವಳ. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಹಾಕದೆ ಜವಳ ಹೇಗಾಗುತ್ತದೆ? ಮೊದಲ ವರ್ಷ ದಿನ ಗೊತ್ತು ಮಾಡಿದಾಗ ಭೀಮಶಿ ಕಿತ್ತೂರಿನವರ ಗಾಡಿಯ ಕೆಳಗೆ ಮಲಗಿದ್ದ. ಮೂರನೆಯ ವರ್ಷ ಹತ್ತಿದ ಮೇಲೆ ಇನ್ನೊಂದು ದಿನ ಗೊತ್ತು ಮಾಡಿದರೆ ನೇಸರಗಿಯವರ ಗಾಡಿಯ ಕೆಳಗಿದ್ದ. ಕೂಸಿನ ಕೂದಲು ಬೆನ್ನಿಗೆ ಇಳಿದು, ಕಂಡವರೆಲ್ಲ ಅದಕ್ಕೆ "ಏನವ್ವಾ ನಿನ್ನ ಹೆಸರು" ಎಂದು ಕೇಳುವ ಹಂತಕ್ಕೆ ಬಂದಿತ್ತು. ಸರಿ ವರ್ಷದಲ್ಲಿ ಜವಳ ಮಾಡುವಂತಿಲ್ಲ, ಈ ಸಲವೂ ತಪ್ಪಿದರೆ ಐದನೆಯ ವರ್ಷದ ತನಕ ಜಡೆ ಹಾಕಿಕೊಂಡೇ ತಿರುಗಬೇಕು. ಸಾವಿತ್ರೆವ್ವ ಫೋನಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. "ಅಣ್ಣಾ, ಈ ಸಲ ನೀ ಬರಲಿಲ್ಲಂದರ ನನ್ನ ತವರಮನಿ ಇಲ್ಲಿಗಿ ಮುಗೀತು ಅಂತ ತಿಳಕೋತೇನಿ" ಎಂದು ಫೋನು ಇಟ್ಟಿದ್ದಳು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಆ ಹುಡುಗಿಗೆ ತವರು ಎಂದರೆ ಇವನೊಬ್ಬನೇ. ಆ ಮಾತು ಭೀಮಶಿಯ ಎದೆಗೆ ನಾಟಿ, ಎರಡು ದಿನ ಅನ್ನ ಸೇರಿರಲಿಲ್ಲ.

ಹೆಂಡತಿ ತಾಯವ್ವ ಮಾತ್ರ ಇವನನ್ನು ನಂಬುವ ಪೈಕಿ ಅಲ್ಲ. ನಿಮಗಾಗಿ ಕಾದು ಕೂತರೆ ನನ್ನ ಮರ್ಯಾದೆಯೂ ಹೋಗುತ್ತದೆ, ನಾನು ಮುಂಜಾನೆ ಬಸ್ಸಿಗೇ ಹೋಗುತ್ತೇನೆ, ನೀವು ಮಧ್ಯಾಹ್ನದ ಬಸ್ಸಿಗಾದರೂ ಬಂದು ಸಾಯಿರಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಭೀಮಶಿ ಹೊಸ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡು, ಅವಳು ಏಳುವ ಮೊದಲೇ ಮನೆ ಬಿಟ್ಟು, ನೇರ ಕಬ್ಬಿಣದ ಅಂಗಡಿಗೆ ಹೋಗಿ, ಬಾಗಿಲು ತೆರೆಯುವ ತನಕ ಕಾದು, ದಪ್ಪ ಪ್ಲೇಟು ತೆಗೆದುಕೊಂಡು ತನ್ನ ಅಂಗಡಿಗೆ ಬಂದ. ನೋಡಿದರೆ ಬಿಳೀ ಪಿಕಪ್ಪು ಬಾಗಿಲ ಮುಂದೆಯೇ ನಿಂತಿತ್ತು. ಹಿಂದೆ ಯಲ್ಲಮ್ಮ ಪ್ರಸನ್ನ. ಸಿದ್ದರಾಮ ಮಾತಿನ ಮನುಷ್ಯ ಎಂದುಕೊಂಡು ಭೀಮಶಿ ಬ್ಯಾಟರಿಯ ವೈರು ಕಳಚಿ, ಗಾಡಿಯ ಕೆಳಗೆ ತೂರಿದ.

ಎದುರಿನ ಚಹಾದಂಗಡಿಯ ಕೃಷ್ಣವ್ವ ಚಹಾ ತಂದಿಟ್ಟು, ಈ ಗಾಡಿಯಿಂದ ಒಂದು ಹಿಂಡು ಹೆಣ್ಣುಮಕ್ಕಳು ಇಳಿದು ಹೋದರು, ಯಾವುದೋ ಲಗ್ನದವರು ಇರಬೇಕು ಎಂದಳು. ಸಿದ್ದರಾಮ ಬರುವ ದಾರಿಯಲ್ಲಿ ಸೀಟು ಹತ್ತಿಸಿಕೊಂಡಿರುತ್ತಾನೆ, ಅದರಲ್ಲೇನು ವಿಶೇಷ ಎಂದು ಭೀಮಶಿ ಕೆಳಗಿನಿಂದಲೇ ಉತ್ತರಿಸಿದ. ಪಕ್ಕದ ಪಂಕ್ಚರ್ ಅಂಗಡಿಯ ಕಲ್ಮೇಶನಿಗೆ ಆ ದಿನ ಒಂದೂ ಟ್ಯೂಬು ಬಂದಿರಲಿಲ್ಲ. ಅವನು ಬಂದು ಕುಕ್ಕರಗಾಲಿನಲ್ಲಿ ಕೂತು, ಕೊಂಡಿ ಸ್ವಲ್ಪ ಮೇಲಾಯಿತು ಎಂದ, ಮೇಲೆ ಮಾಡಿದರೆ ಕೆಳಗಾಯಿತು ಎಂದ, ಕೆಳಗೆ ಮಾಡಿದರೆ ಮೊದಲಿದ್ದದ್ದೇ ಬರೋಬರಿ ಇತ್ತು ಎಂದ. ನಡುನಡುವೆ ಭೀಮಶಿಯ ಫೋನು ಹೊಡೆದುಕೊಳ್ಳುತ್ತಿತ್ತು. ಎಲ್ಲವೂ ತಾಯವ್ವನದೇ. ಬಸ್ಸಿನಲ್ಲಿ ಕೂತು, ಹೊಂಟಿರೋ ಇಲ್ಲೋ ಎಂದು ಕೇಳುವುದಕ್ಕೇ ಇರುತ್ತದೆ. ಇನ್ನೂ ಗಾಡಿಯ ಕೆಳಗಿದ್ದೇನೆ ಎಂದು ಹೇಳಿ ಬೈಸಿಕೊಳ್ಳುವುದಕ್ಕಿಂತ ಕೆಲಸ ಮುಗಿಸುವುದೇ ಲೇಸು ಎಂದು ಅವನು ಎತ್ತಲಿಲ್ಲ.

ಕೊಂಡಿ ಕೂತಿತು. ಗಾಡಿ ಎಡಕ್ಕೆ ವಾಲಿದ್ದರೂ ಕೊಂಡಿ ಮಾತ್ರ ನೆಲಕ್ಕೆ ಸಪಾಟು. ಭೀಮಶಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತನಗೆ ತಾನೇ ತಲೆದೂಗಿದ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೈ ತೊಳೆದು ಹೊಸ ಅಂಗಿ ಹೊರತೆಗೆಯುವಷ್ಟರಲ್ಲಿ ಇನ್ನೊಂದು ಬಿಳೀ ಪಿಕಪ್ಪು ಕೆಮ್ಮುತ್ತ ಬಂದು ನಿಂತಿತು. ಅದರಿಂದ ಸಿದ್ದರಾಮ ಇಳಿದ.

"ತಡಾ ಆತ್ರಿ, ಹಾದ್ಯಾಗ ಗಾಲಿ ಪಂಕ್ಚರ್ ಆತು. ನಡೀರಿ, ಸುರೂ ಮಾಡ್ರಿ. ನಾಳಿ ನೇಸರಗ್ಯಾಗ ಸ್ಲ್ಯಾಬ್ ಐತಿ, ಮಿಕ್ಸರ್ ಮಷಿನ್ ಎಳಕೊಂಡ ಹೋಗಬೇಕು."

ಭೀಮಶಿ ಆ ಗಾಡಿಯ ಹಿಂದೆ ಹೋಗಿ ನೋಡಿದ. ಯಲ್ಲಮ್ಮ ಪ್ರಸನ್ನ. ಈ ಗಾಡಿಯ ಹಿಂದೆ ಬಂದು ನೋಡಿದ. ಇಲ್ಲಿಯೂ ಪ್ರಸನ್ನಳೇ. ಅವನ ಕೈಯಲ್ಲಿದ್ದ ಅಂಗಿ ನೆಲಕ್ಕೆ ಬಿತ್ತು.

"ಹಂಗಾದರ ಇದು ಯಾರದು?" ಎಂದ.

ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಹೇಳುವುದಕ್ಕೆ ಎಲ್ಲರೂ ತಯಾರಿದ್ದರು. ಕಲ್ಮೇಶ ಗಾಡಿಯನ್ನು ಒಂದು ಸುತ್ತು ಹಾಕಿ, ಇದು ಮನೋಳಿಯ ಆ ಜಗಳಗಂಟನದೇ, ಗಾಡಿಗೆ ಗೀರು ಬಿದ್ದರೆ ಮನುಷ್ಯನಿಗೆ ಗೀರುವವನು ಎಂದ. ಕೃಷ್ಣವ್ವ, ಲಗ್ನದ ಗಾಡಿಗೆ ಬೆಂಕಿ ಹಚ್ಚಿ ಕಬ್ಬಿಣ ಅಂಟಿಸಿದರೆ ಅಪಶಕುನ, ಬೀಗರು ಬಿಟ್ಟಾರೇ ಎಂದಳು. ಸಿದ್ದರಾಮನದು ಒಂದೇ ಹಟ, ಅದೇನಾದರೂ ಆಗಲಿ, ತನ್ನ ಗಾಡಿಗೆ ಕೊಂಡಿ ಈಗಲೇ ಆಗಬೇಕು. ಕಡೆಗೆ ಮೂವರೂ ಒಂದು ಮಾತಿಗೆ ಬಂದರು: ಮಾಲೀಕ ಬರುವ ಮೊದಲು ಕತ್ತರಿಸಿ ತೆಗೆದು, ಒರಸಿ, ಬಣ್ಣ ಬಳಿದು, ಏನೂ ಆಗಿಲ್ಲ ಎನ್ನುವ ಹಾಗೆ ಕೂತುಬಿಡುವುದು.

ಮನಸ್ಸಿಟ್ಟು ಮಾಡಿದ ಕೆಲಸವನ್ನು ತಾನೇ ಕತ್ತರಿಸುವ ಸಂಕಟ ಮಾಡಿದವನಿಗೇ ಗೊತ್ತು. ಭೀಮಶಿ ಹಲ್ಲು ಕಚ್ಚಿ ಗ್ರೈಂಡರ್ ಹಚ್ಚಿದ. ಅವನು ಕಟ್ಟಿದ ಕೊಂಡಿ ಅಷ್ಟು ಸುಲಭಕ್ಕೆ ಬಿಡುವಂಥದ್ದೇ? ಬಲಬದಿಯ ಪ್ಲೇಟು ಬಿಡುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಅಂಗಡಿಯ ಮುಂದೆಯೇ ಹಾರ್ನು ಹೊಡೆಯುತ್ತ ಹೋಯಿತು. ಎಡಬದಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಕೊಂಡಿ ಒಂದೇ ಕಡೆಗೆ ಹಿಡಿದುಕೊಂಡು ನೆಲದತ್ತ ಜೋತುಬಿತ್ತು. ಫೋನು ಮತ್ತೆ ಹೊಡೆದುಕೊಂಡಿತು, ಮತ್ತೆ ತಾಯವ್ವ. ರಾಮದುರ್ಗ ಮುಟ್ಟಿ, ತಂಗಿಯನ್ನು ಮಗ್ಗುಲಲ್ಲಿ ಕೂರಿಸಿಕೊಂಡೇ ಮಾಡುತ್ತಿರುತ್ತಾಳೆ. ತಂಗಿಯ ಧ್ವನಿ ಕೇಳಿದರೆ ಅತ್ತೇಬಿಡುತ್ತೇನೆ ಅನ್ನಿಸಿ ಭೀಮಶಿ ಫೋನನ್ನು ಬಂದ್ ಮಾಡಿ ಕಿಸೆಗೆ ಹಾಕಿದ. ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ, ಮೀಟರ್ ಬೋರ್ಡಿನಿಂದ ರಸ್ತೆಗೆ, ರಸ್ತೆಯಿಂದ ಮೀಟರ್ ಬೋರ್ಡಿಗೆ ಎಡತಾಕಿದ. ಇನ್ನೊಂದು ಬಸ್ಸು ಇತ್ತು. ಅದು ತಪ್ಪಿದರೆ ಹೊತ್ತು ಮುಳುಗುವುದರೊಳಗೆ ರಾಮದುರ್ಗ ಮುಟ್ಟುವ ಮಾತೇ ಇರಲಿಲ್ಲ.

ಅಷ್ಟರಲ್ಲಿ ರಸ್ತೆಯ ಮೂಲೆಯಲ್ಲಿ ನಿಂತು ಕಾವಲು ಕಾಯುತ್ತಿದ್ದ ಕಲ್ಮೇಶ ಓಡಿ ಬಂದ.

"ಭೀಮಶಿ, ಒಬ್ಬಾಂವ ಗಾಡಿ ನೋಡಕೋತ ಸೀದಾ ಈ ಕಡೆನ ಬರಾಕತ್ತಾನ. ಆಳು ಜಬರದಸ್ತ ಅದಾನ. ಕೈಯಾಗ ಕೊಡಲಿ ಐತಿ."

"ಖರೇನ?"

"ಸುಳ್ಳ ಹೇಳಾಕ ಇದು ಹೊತ್ತೇನ? ಹೆಗಲ ಮ್ಯಾಲ ಹೊತಗೊಂಡ ಬರಾಕತ್ತಾನ."

ಭೀಮಶಿ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ನೆಲದ ಮೇಲಿದ್ದ ಹೊಸ ಅಂಗಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಅಂಗಡಿಯ ಹಿಂದಿನ ಗೋಡೆ ಹತ್ತಿ ಆಚೆಗೆ ಹಾರಿದ. ಆಚೆಗೆ ಯಾರದೋ ತಿಪ್ಪೆ. ಹಿಂದಿನಿಂದ ಸಿದ್ದರಾಮ, "ನನ್ನ ಗಾಡಿದು ಹೆಂಗ್ರಿ" ಎಂದು ಕೂಗಿದ್ದು ಕೇಳಿಸಿತು. ಉತ್ತರ ಕೊಡದೆ ಓಣಿ ಹಾದು, ತಿರುವಿನಲ್ಲಿ ನಿಧಾನವಾಗಿದ್ದ ಸವದತ್ತಿ ಬಸ್ಸಿನ ಬಾಗಿಲಿಗೆ ಜೋತುಬಿದ್ದ. ಮಗ್ಗುಲ ಸೀಟಿನಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದು ಹೋದರು, ಭೀಮಶಿಗೆ ಆರಾಮಾಗಿ ಕೂರಲು ಜಾಗ ಸಿಕ್ಕಿತು.

ಸವದತ್ತಿಯಲ್ಲಿ ಬಸ್ಸು ಬದಲಿಸಿ, ನಳದ ಕೆಳಗೆ ಮೈ ತೊಳೆದುಕೊಂಡು, ಹೊಸ ಅಂಗಿ ಹಾಕಿಕೊಂಡ. ಹೋದದ್ದು ಹೋಯಿತು, ಕೊಡಲಿಯವನಿಗೆ ನಾಳೆ ಕೈಮುಗಿದರಾಯಿತು, ಇವತ್ತು ನಾನು ಸೋದರಮಾವ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ರಾಮದುರ್ಗದಲ್ಲಿ ಇಳಿದಾಗ ಬಿಸಿಲು ಇನ್ನೂ ಮಾಳಿಗೆಗಳ ಮೇಲಿತ್ತು. ತಂಗಿಯ ಕಾರ್ಯಕ್ಕೆ ಹೊತ್ತಿಗೆ ಸರಿಯಾಗಿ ಬಂದದ್ದು ಅವನ ಜನ್ಮದಲ್ಲಿ ಇದೇ ಮೊದಲು. ತಂಗಿ ಬಾಗಿಲಲ್ಲಿ ನಿಂತು ಏನನ್ನಬಹುದು, ತಾಯವ್ವನ ಮುಖ ಹೇಗಾಗಬಹುದು ಎಂದು ನೆನೆಯುತ್ತ, ಒಬ್ಬನೇ ನಗುತ್ತ, ಹೆಚ್ಚು ಕಡಿಮೆ ಓಡುತ್ತಲೇ ಓಣಿಗೆ ಬಂದ.

ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದ ಇಂದ್ರವ್ವ, ಯಾರು ಬೇಕಾಗಿತ್ತು ಎಂದು ಕೇಳಿದಳು. ಸಾವಿತ್ರೆವ್ವನ ಅಣ್ಣ ಎಂದ ಭೀಮಶಿ. ಅವಳ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

"ಅಯ್ಯ, ನೀವು ಇಲ್ಲಿ ಯಾಕ ಬಂದ್ರಿ? ಅವರೆಲ್ಲಾರೂ ನಿಮ್ಮ ಮನಿಗೇ ಹೋಗ್ಯಾರಲ್ಲ. ಅಣ್ಣ ಏನ್ ಮಾಡಿದರೂ ಬರೂದಿಲ್ಲ, ನಾವ ಹೋಗಿ ಅವನ ಮನ್ಯಾಗ ಜವಳ ಮಾಡೂಣು, ಆವಾಗ ಹೆಂಗ ತಪ್ಪಿಸಿಕೋತಾನ ನೋಡತೇನಿ ಅಂತ ಸಾವಿತ್ರಿ ಹಟಾ ಹಿಡದ್ಲು. ಬೆಳಕ ಹರಿಯೂದರಾಗ ಓಣಿ ಹೆಣ್ಣಮಕ್ಕಳನ್ನೆಲ್ಲ ಗಾಡ್ಯಾಗ ಹಾಕ್ಕೊಂಡ ಹ್ವಾದ್ರು."

"ಯಾವ ಗಾಡಿ?" ಎಂದು ಕೇಳಿದ ಭೀಮಶಿಗೆ ಆ ಪ್ರಶ್ನೆ ಕೇಳಬಾರದಿತ್ತು ಎಂದು ಕೇಳುವಾಗಲೇ ಅನ್ನಿಸಿತು.

"ಆಕೀ ಗಂಡ ಭರಮಪ್ಪ ಹ್ವಾದ ತಿಂಗಳ ತಗೊಂಡಾನಲ್ಲ, ಬಿಳೀದು. ಹಿಂದ ಯಲ್ಲಮ್ಮ ಪ್ರಸನ್ನ ಅಂತ ಬರದೈತಿ."

ಭೀಮಶಿ ಕಟ್ಟೆಯ ಮೇಲೆ ಕೂತ. ಫೋನನ್ನು ಚಾಲೂ ಮಾಡಿದ. ಚಾಲೂ ಆದದ್ದೇ ತಡ, ತಾಯವ್ವ. ಬೆಳಗಿನಿಂದ ಗಂಟಲಲ್ಲಿ ಕೂಡಿಟ್ಟುಕೊಂಡಿದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಇಳಿಸಿದಳು. ತಾನು ಬಸ್ಸಿಗೆ ಹೊರಡಬೇಕೆನ್ನುವಾಗ ಎಲ್ಲರೂ ಬಂದರಂತೆ. ಮನೆಯ ಓಣಿಯಲ್ಲಿ ಗಟಾರಿಗೆ ಅಗೆದಿದ್ದರಿಂದ ಗಾಡಿಯನ್ನು ಅಂಗಡಿಯ ಮುಂದೆ ಬಿಟ್ಟು ನಡೆದು ಬಂದರಂತೆ. ಅಂಗಡಿಗೆ ಬೀಗವಿತ್ತಂತೆ, ನೀವು ಎಲ್ಲೋ ಹೊರಗೆ ಕೆಲಸಕ್ಕೆ ಹೋಗಿದ್ದೀರಿ ಎಂದುಕೊಂಡರಂತೆ. ಆಗಿನಿಂದ ಫೋನು ಮಾಡಿ ಮಾಡಿ ಬೆರಳು ಸವೆದವಂತೆ. ಹೋಳಿಗೆಯ ಒಲೆಗೆ ಕಟ್ಟಿಗೆ ಒಡೆಯಲು ಭರಮಪ್ಪ ಯಾರದೋ ಮನೆಯಿಂದ ಕೊಡಲಿ ಇಸಿದುಕೊಂಡವನು, ಹಾಗೇ ಹೋಗಿ ನಿಮ್ಮನ್ನೂ ಕರೆತರುತ್ತೇನೆ ಎಂದು ಅಂಗಡಿಗೆ ಬಂದರೆ, ನೀವು ಅವನ ಗಾಡಿಯ ಬಾಲ ಮುರಿದು ಗೋಡೆ ಹಾರಿ ಹೋದಿರಂತೆ.

"ಈಗ ಬರತೇನಿ, ಈಗಿಂದೀಗ ಹೊಂಡತೇನಿ, ಸಾವಿತ್ರಿಗೆ ಸ್ವಲ್ಪ ತಡಿಯಂತ ಹೇಳು" ಎಂದ ಭೀಮಶಿ.

ತಡೆಯುವುದಕ್ಕೆ ಏನೂ ಉಳಿದಿಲ್ಲ ಎಂದು ತಾಯವ್ವ ಉಳಿದ ಕಥೆಯನ್ನೂ ಹೇಳಿದಳು. ಹೊತ್ತು ಇಳಿಯುತ್ತ ಬಂತು, ಕ್ಷೌರ ಮಾಡುವವನು ಎದ್ದು ಹೊರಟ, ಸಾವಿತ್ರೆವ್ವ ಬಾಗಿಲಿಗೆ ಆತು ಅಳುತ್ತ ನಿಂತಿದ್ದಳು. ಆಗ ಒಬ್ಬ ಮನುಷ್ಯ ಭೀಮಶಿಯವರು ಇದ್ದಾರೇನು ಎಂದು ಮನೆಯನ್ನು ಹುಡುಕಿಕೊಂಡು ಬಂದ. ಯಾವೂರು ಎಂದು ಹಿರಿಯರು ಕೇಳಿದರೆ ಮುರಗೋಡ ಎಂದ. ಸಾವಿತ್ರೆವ್ವನ ಚಿಕ್ಕವ್ವನನ್ನು ಕೊಟ್ಟದ್ದು ಮುರಗೋಡಕ್ಕೇ, ಓಣಿಯೂ ಅದೇ. ವರಸೆ ಎಣಿಸಿ ನೋಡಿದರೆ ಅವನು ಅಣ್ಣನೇ ಆಗುತ್ತಾನೆ. ಎಲ್ಲರೂ ಅವನ ಕೈಕಾಲು ತೊಳೆಸಿ, ಮಣೆಯ ಮೇಲೆ ಕೂರಿಸಿ, ಕೂಸನ್ನು ತೊಡೆಗೆ ಹಾಕಿಯೇಬಿಟ್ಟರು. ಕೂಸು ಅಳಲೂ ಇಲ್ಲವಂತೆ. ಸಾವಿತ್ರೆವ್ವ ಅವನಿಗೆ ರುಮಾಲು ಸುತ್ತಿ, ಅಣ್ಣಾ ಎಂದು ಕಾಲಿಗೆ ಬಿದ್ದಳಂತೆ.

ತಂಗಿಗೆ ಫೋನು ಕೊಡು ಎಂದು ಭೀಮಶಿ ಮೆಲ್ಲಗೆ ಕೇಳಿದ. ಸಾವಿತ್ರೆವ್ವ ಒಲ್ಲೆ ಎಂದದ್ದು ಈ ಕಡೆಗೂ ಕೇಳಿಸಿತು. ಫೋನು ಕೈಯಿಂದ ಕೈಗೆ ಹೋಗಿ, ಕಡೆಗೆ ಬಾಯಲ್ಲಿ ಹೋಳಿಗೆ ಇದ್ದ ಗಂಡಸಿನ ಧ್ವನಿಯೊಂದು ಬಂತು. ಅದು ಸಿದ್ದರಾಮನದು.

"ನಿಮ್ಮ ಕೆಲಸ ನಾ ಮಾಡೇನ್ರಿ, ಭೀಮಶಿಯವರ. ನನ್ನ ಕೆಲಸ ನೀವ್ಯಾವಾಗ ಮಾಡತೀರಿ?"